ಒಡೆಯದ ಸ್ಟ್ರಿಪ್, ಅರ್ಧ ಮಾತ್ರೆ: ಆತಂಕಕ್ಕೆ ಔಷಧಿ ಬೇಕೇ?

ಪ್ರಶ್ನೆ: ನಾನು ಮಲೆನಾಡಿನ ಊರೊಂದರಲ್ಲಿ ಪ್ರೌಢಶಾಲಾ ಶಿಕ್ಷಕಿ. ವಯಸ್ಸು 38. ಒಂದೂವರೆ ವರ್ಷದಿಂದ ಸಣ್ಣಪುಟ್ಟ ವಿಷಯಕ್ಕೂ ವಿಪರೀತ ಚಿಂತೆ, ಎದೆ ಡವಗುಟ್ಟುವುದು, ರಾತ್ರಿ ಮೂರು ಗಂಟೆಗೇ ಎಚ್ಚರವಾಗುವುದು ನಡೆದಿದೆ. ಇಸಿಜಿ, ಎಕೋ, ಥೈರಾಯ್ಡ್ ಪರೀಕ್ಷೆ ಎಲ್ಲವೂ ಸರಿ ಇವೆ. ಆರು ತಿಂಗಳ ಹಿಂದೆ ಉಡುಪಿಯ ತವರಿಗೆ ಹೊರಟಾಗ, ಆಗುಂಬೆ ಘಾಟಿಯಲ್ಲಿ ಬಸ್ಸಿನೊಳಗೆ ಉಸಿರು ಕಟ್ಟಿದಂತಾಗಿ, ಸತ್ತೇ ಹೋಗುತ್ತೇನೆ ಅನ್ನಿಸಿತು. ಆಮೇಲೆ ಆ ದಾರಿಯಲ್ಲಿ ಬಸ್ಸು ಹತ್ತಿಲ್ಲ. ನಾಲ್ಕು ತಿಂಗಳ ಹಿಂದೆ ಮನೋವೈದ್ಯರು ಎಸಿಟಲೋಪ್ರಾಮ್ ದಿನಕ್ಕೊಂದು, ಕ್ಲೋನಜೆಪಾಮ್ ಮೊದಲ ಎರಡು ವಾರ ಮಾತ್ರ ಎಂದು ಬರೆದುಕೊಟ್ಟರು. ಜೀವನಪೂರ್ತಿ ನುಂಗಬೇಕಾದೀತು ಎಂಬ ಹೆದರಿಕೆಯಿಂದ ಮೊದಲನೆಯದರ ಸ್ಟ್ರಿಪ್ ಒಡೆದೇ ಇಲ್ಲ. ಎರಡನೆಯದನ್ನು ತೀರಾ ಬೇಕೆನಿಸಿದಾಗ ಅರ್ಧ ತೆಗೆದುಕೊಳ್ಳುತ್ತೇನೆ, ವಾರಕ್ಕೆ ಮೂರು ನಾಲ್ಕು ಸಲ ಆಗಬಹುದು. ಅಂಗಡಿಯವರು ಪರಿಚಯದವರಾದ್ದರಿಂದ ಹಳೆಯ ಚೀಟಿಗೇ ಕೊಡುತ್ತಾರೆ. ಪ್ರಾಣಾಯಾಮ ಮಾಡಿದರೆ ಸಾಕು ಎನ್ನುತ್ತಾರೆ ನಮ್ಮ ಅತ್ತೆ. ಮಾತ್ರೆಯಿಲ್ಲದೆ ಯೋಗ, ನಡಿಗೆ, ಕೌನ್ಸೆಲಿಂಗ್‌ನಿಂದಲೇ ಗುಣವಾಗಲು ಸಾಧ್ಯವೇ?

ಉತ್ತರ: ಮಾತ್ರೆಯಿಲ್ಲದೆ ಆತಂಕದಿಂದ ಹೊರಬರಲು ಸಾಧ್ಯವಿದೆ. ಹಾಗೆ ಹೊರಬಂದವರು ಅನೇಕರಿದ್ದಾರೆ. ಆದರೆ ನಿಮ್ಮ ಪತ್ರದ ಪ್ರಕಾರ ನೀವು ಈಗ ಮಾತ್ರೆಯಿಲ್ಲದೆ ಇಲ್ಲ. ಹೆದರಿಕೆ ಹುಟ್ಟಿಸಿದ ಮಾತ್ರೆ ಬೀರುವಿನಲ್ಲಿ ಹಾಗೇ ಉಳಿದಿದೆ. ಹೆದರಿಕೆ ಹುಟ್ಟಿಸದ ಮಾತ್ರೆ ಅರ್ಧ ಅರ್ಧವಾಗಿ ನಾಲ್ಕು ತಿಂಗಳಿಂದ ಹೊಟ್ಟೆ ಸೇರುತ್ತಿದೆ. ಈ ಎರಡರಲ್ಲಿ ಹೆಚ್ಚು ಎಚ್ಚರ ಬೇಡುವುದು ಎರಡನೆಯದು. ಔಷಧಿ ಬೇಕೇ ಬೇಡವೇ ಎಂದು ತೂಗುವ ಮೊದಲು ತಕ್ಕಡಿಯಲ್ಲಿ ಯಾವ ಔಷಧಿ ಇದೆ ಎಂಬುದು ಸ್ಪಷ್ಟವಾಗಬೇಕಾದ್ದರಿಂದ ಅಲ್ಲಿಂದಲೇ ಆರಂಭಿಸುತ್ತೇನೆ.

ಕ್ಲೋನಜೆಪಾಮ್, ಆಲ್‌ಪ್ರಜೋಲಾಮ್, ಲೋರಾಜೆಪಾಮ್ ಇವೆಲ್ಲ ಬೆಂಜೋಡಯಾಜೆಪೀನ್ ಎಂಬ ಒಂದೇ ಕುಟುಂಬದ ಔಷಧಿಗಳು. ಈ ಕುಟುಂಬದ ಮೊದಲ ಮಾತ್ರೆ 1960ರಲ್ಲಿಯೂ, ಹೆಚ್ಚು ಹೆಸರಾದ ಡಯಾಜೆಪಾಮ್ 1963ರಲ್ಲಿಯೂ ಮಾರುಕಟ್ಟೆಗೆ ಬಂದವು. ಮೆದುಳಿನ ಚಟುವಟಿಕೆಯನ್ನು ತಗ್ಗಿಸುವ ಗಾಬಾ ಎಂಬ ರಾಸಾಯನಿಕದ ಕೆಲಸಕ್ಕೆ ಇವು ಬಲ ಕೊಡುತ್ತವೆ. ನುಂಗಿದ ಅರ್ಧ ಮುಕ್ಕಾಲು ಗಂಟೆಯಲ್ಲೇ ಎದೆಯ ಡವಡವ ಇಳಿದು ಮೈ ಹಗುರವಾಗುತ್ತದೆ. ಇಷ್ಟು ಬೇಗ ಇಷ್ಟು ಖಚಿತವಾಗಿ ಕೆಲಸ ಮಾಡುವುದೇ ಇವುಗಳ ಗುಣ ಮತ್ತು ಇವುಗಳ ಅಪಾಯ. ಎರಡರಿಂದ ನಾಲ್ಕು ವಾರ ಮೀರಿ ಆಗಾಗ್ಗೆ ಬಳಸಿದಾಗ ದೇಹ ಒಗ್ಗಿಕೊಳ್ಳುತ್ತಾ ಹೋಗುತ್ತದೆ, ಮೊದಲಿನ ಪ್ರಮಾಣ ಸಾಲದೆನಿಸುತ್ತದೆ, ಬಿಟ್ಟ ದಿನ ನಿದ್ದೆ ಬಾರದೆ ಕೈ ನಡುಗಿ ಆತಂಕ ಇಮ್ಮಡಿಯಾಗಿ ಮರಳುತ್ತದೆ. ಹೆಚ್ಚು ಪ್ರಮಾಣದಲ್ಲಿ ದಿನವೂ ತೆಗೆದುಕೊಳ್ಳುತ್ತಿದ್ದವರು ಥಟ್ಟನೆ ನಿಲ್ಲಿಸಿದರೆ ಫಿಟ್ಸ್ ಬರುವುದೂ ಉಂಟು. ಅಮೆರಿಕದ ಔಷಧಿ ನಿಯಂತ್ರಣ ಸಂಸ್ಥೆ 2020ರಲ್ಲಿ ಈ ಇಡೀ ಕುಟುಂಬದ ಮೇಲೆ ಅವಲಂಬನೆಯ ಕುರಿತ ಕಟ್ಟುನಿಟ್ಟಿನ ಎಚ್ಚರಿಕೆಯನ್ನು ಮುದ್ರಿಸಲು ಆದೇಶಿಸಿತು. ನಿಮ್ಮ ವೈದ್ಯರು ಎರಡು ವಾರ ಮಾತ್ರ ಎಂದು ಬರೆದದ್ದು ಈ ಕಾರಣಕ್ಕೇ: ನಿಧಾನವಾಗಿ ಕೆಲಸ ಮಾಡುವ ಮುಖ್ಯ ಮಾತ್ರೆ ಹಿಡಿತಕ್ಕೆ ಬರುವವರೆಗೆ ಒಂದು ಊರುಗೋಲಾಗಲಿ ಎಂದು. ನೀವು ಊರುಗೋಲನ್ನು ಇಟ್ಟುಕೊಂಡು ಚಿಕಿತ್ಸೆಯನ್ನು ಬದಿಗಿಟ್ಟಿದ್ದೀರಿ. ಇದಕ್ಕಾಗಿ ನಿಮ್ಮನ್ನು ದೂರುವುದಿಲ್ಲ. ಎರಡೂ ಮಾತ್ರೆಗಳ ಸ್ವಭಾವವನ್ನು ಐದು ನಿಮಿಷ ಕೂರಿಸಿ ವಿವರಿಸದೆ ಚೀಟಿ ಕೊಟ್ಟು ಕಳುಹಿಸುವ ಅಭ್ಯಾಸ ನಮ್ಮ ವೃತ್ತಿಯಲ್ಲಿದೆ, ಅದರ ಫಲ ರೋಗಿಯ ಬೀರುವಿನಲ್ಲಿ ಹೀಗೆ ಕಾಣಿಸುತ್ತದೆ.

ನೀವು ವಾರಕ್ಕೆ ಮೂರು ನಾಲ್ಕು ಸಲ ಅರ್ಧ ಮಾತ್ರೆ ತೆಗೆದುಕೊಳ್ಳುವುದರಿಂದ ದೇಹದ ಅವಲಂಬನೆ ಇನ್ನೂ ದೊಡ್ಡ ಮಟ್ಟದ್ದಾಗಿರಲಿಕ್ಕಿಲ್ಲ. ನನ್ನ ಚಿಂತೆ ಬೇರೆ. ಪೋಷಕರ ಸಭೆಯ ದಿನವೊಂದನ್ನು ತೆಗೆದುಕೊಳ್ಳೋಣ. ಬೆಳಿಗ್ಗೆಯಿಂದಲೇ ಹೊಟ್ಟೆ ತೊಳಸು, ನಾಲಿಗೆ ಒಣಗಿ ಮಾತು ತೊದಲೀತು ಎಂಬ ಭಯ. ಸ್ಟಾಫ್ ರೂಮಿನಲ್ಲಿ ಅರ್ಧ ಮಾತ್ರೆ ನುಂಗಿದಿರಿ, ಸಭೆ ಸುಸೂತ್ರವಾಗಿ ಮುಗಿಯಿತು. ಹದಿನೈದು ವರ್ಷ ಪಾಠ ಮಾಡಿದ ಅನುಭವ ನಿಮ್ಮದು, ಮಾತ್ರೆಯಿಲ್ಲದೆಯೂ ಆ ಸಭೆ ಬಹುಶಃ ಸುಸೂತ್ರವಾಗಿಯೇ ಮುಗಿಯುತ್ತಿತ್ತು. ಆದರೆ ಮನಸ್ಸು ಶ್ರೇಯಸ್ಸನ್ನೆಲ್ಲ ಮಾತ್ರೆಯ ಖಾತೆಗೆ ಬರೆದುಕೊಂಡಿತು. ಮುಂದಿನ ಸಭೆಗೆ ಮಾತ್ರೆ ಇನ್ನಷ್ಟು ಅನಿವಾರ್ಯವಾಯಿತು. ಭಯಪಟ್ಟದ್ದು ಸಂಭವಿಸಲಿಲ್ಲ ಎಂಬುದನ್ನು ಮೆದುಳು ತಾನಾಗಿ ಕಲಿಯಬೇಕಾದ ಗಳಿಗೆಯಲ್ಲಿ ಅರ್ಧ ಮಾತ್ರೆ ಆ ಕಲಿಕೆಯನ್ನು ತಪ್ಪಿಸುತ್ತದೆ. ಬಸ್ಸು ಹತ್ತದೇ ಇರುವುದೂ ಇದೇ ಕೆಲಸ ಮಾಡುತ್ತದೆ. ಹತ್ತದ ಪ್ರತಿ ದಿನವೂ ಆ ಕ್ಷಣಕ್ಕೆ ನೆಮ್ಮದಿ ಕೊಡುತ್ತದೆ, ಘಾಟಿಯನ್ನು ಮಾತ್ರ ಇನ್ನಷ್ಟು ಕಡಿದಾಗಿಸುತ್ತದೆ.

ಇನ್ನು ಒಡೆಯದ ಸ್ಟ್ರಿಪ್‌ನ ವಿಷಯ. ಎಸಿಟಲೋಪ್ರಾಮ್ ಮೆದುಳಿನ ಸೆರೊಟೋನಿನ್ ಎಂಬ ರಾಸಾಯನಿಕಕ್ಕೆ ಸಂಬಂಧಿಸಿದ ಎಸ್‌ಎಸ್‌ಆರ್‌ಐ ಗುಂಪಿನ ಔಷಧಿ. ಸರ್ಟ್ರಲೀನ್, ಪ್ಯಾರೊಕ್ಸೆಟೀನ್ ಇದರ ಬಂಧುಗಳು. ಖಿನ್ನತೆಯ ಮಾತ್ರೆ ಎಂದು ಹೆಸರಾಗಿದ್ದರೂ ದೀರ್ಘಕಾಲದ ಆತಂಕಕ್ಕೂ, ನಿಮಗೆ ಬಸ್ಸಿನಲ್ಲಿ ಆದಂತೆ ಥಟ್ಟನೆ ಎರಗುವ ವಿಪರೀತ ಗಾಬರಿಯಾದ ಪ್ಯಾನಿಕ್‌ಗೂ ಮೊದಲ ಆಯ್ಕೆಯಾಗಿ ಬಳಸುವುದು ಇದೇ ಗುಂಪನ್ನು. ಇದು ನಿದ್ದೆ ಮಾತ್ರೆಯಲ್ಲ, ಅಮಲು ಬರಿಸುವುದಿಲ್ಲ, ಇನ್ನೂ ಬೇಕು ಎಂಬ ಹಪಹಪಿ ಹುಟ್ಟಿಸುವುದಿಲ್ಲ. ಸಾಮಾನ್ಯವಾಗಿ 5 ಮಿಲಿಗ್ರಾಂನಿಂದ ಆರಂಭಿಸಿ 10ಕ್ಕೆ ಏರಿಸುತ್ತಾರೆ, ಕೆಲವರಿಗೆ 20 ಬೇಕಾಗುತ್ತದೆ. ಪರಿಣಾಮ ಕಾಣಲು ಎರಡರಿಂದ ನಾಲ್ಕು ವಾರ, ಪೂರ್ತಿ ಗುಣ ಕಾಣಲು ಎಂಟು ವಾರವೋ ಇನ್ನೂ ಸ್ವಲ್ಪ ಹೆಚ್ಚೋ ಬೇಕು. ಮೊದಲ ಹತ್ತು ಹದಿನೈದು ದಿನ ವಾಕರಿಕೆ, ತಲೆನೋವು, ಹೊಟ್ಟೆ ಸಡಿಲವಾಗುವುದು ಇರಬಹುದು. ಆತಂಕವೇ ತುಸು ಹೆಚ್ಚಿದಂತೆಯೂ ಅನಿಸಬಹುದು. ಇದನ್ನು ಮೊದಲೇ ತಿಳಿಸದಿದ್ದರೆ ರೋಗಿ ಮೂರನೆಯ ದಿನವೇ ಮಾತ್ರೆ ಎಸೆಯುತ್ತಾನೆ. ಹಾಗೆಯೇ ಲೈಂಗಿಕ ಆಸಕ್ತಿ ಕುಗ್ಗುವುದು ಸಾಮಾನ್ಯವಾಗಿ ಕಾಣುವ ಅಡ್ಡಪರಿಣಾಮ. ನಮ್ಮಲ್ಲಿ ಇದನ್ನು ವೈದ್ಯರೂ ಕೇಳುವುದಿಲ್ಲ, ಹೆಣ್ಣುಮಕ್ಕಳಂತೂ ಹೇಳುವುದೇ ಇಲ್ಲ. ದಯವಿಟ್ಟು ಹೇಳಿ, ಪ್ರಮಾಣ ಬದಲಿಸುವುದರಿಂದಲೋ ಔಷಧಿ ಬದಲಿಸುವುದರಿಂದಲೋ ಪರಿಹಾರ ಸಿಗುವಂಥದ್ದು ಅದು.

ಜೀವನಪೂರ್ತಿ ತೆಗೆದುಕೊಳ್ಳಬೇಕೇ ಎಂಬ ನಿಮ್ಮ ಭಯಕ್ಕೆ ಪ್ರಾಮಾಣಿಕ ಉತ್ತರ ಸ್ವಲ್ಪ ಉದ್ದದ್ದು. ಸಾಮಾನ್ಯ ಕ್ರಮವೆಂದರೆ ಚೆನ್ನಾಗಿ ಗುಣವಾದ ಮೇಲೆ ಆರರಿಂದ ಹನ್ನೆರಡು ತಿಂಗಳು ಮುಂದುವರಿಸಿ, ಅನಂತರ ವಾರಗಳು ಅಥವಾ ತಿಂಗಳುಗಳ ಅವಧಿಯಲ್ಲಿ ಮೆಲ್ಲಮೆಲ್ಲನೆ ಇಳಿಸುವುದು. ಥಟ್ಟನೆ ಬಿಟ್ಟರೆ ತಲೆಸುತ್ತು, ಸಿಡುಕು, ತಲೆಯೊಳಗೆ ಕರೆಂಟ್ ಹೊಡೆದಂಥ ಅನುಭವ ಬರಬಹುದು. ಇದು ಚಟದ ಲಕ್ಷಣವಲ್ಲದಿದ್ದರೂ ಅನುಭವಿಸುವವರಿಗೆ ಹಗುರವಾದದ್ದೇನಲ್ಲ. ಕೆಲವರಿಗೆ ಇಳಿಸುವ ಹಂತವೇ ಕಷ್ಟವಾಗುತ್ತದೆ ಎಂಬುದನ್ನು ಮುಚ್ಚಿಡಬಾರದು. ಬಿಟ್ಟ ಮೇಲೆ ಆತಂಕ ಮರಳುತ್ತದೆಯೇ? 2017ರಲ್ಲಿ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ 28 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದ ಪರಿಶೀಲನೆ ಪ್ರಕಟವಾಯಿತು. ಗುಣವಾದ ಮೇಲೆ ಇಂಥ ಔಷಧಿ ನಿಲ್ಲಿಸಿ ಹುಸಿಮಾತ್ರೆ ಪಡೆದವರಲ್ಲಿ ವರ್ಷದೊಳಗೆ ನೂರಕ್ಕೆ ಸುಮಾರು 36 ಮಂದಿಗೆ, ಮುಂದುವರಿಸಿದವರಲ್ಲಿ ನೂರಕ್ಕೆ 16 ಮಂದಿಗೆ ಆತಂಕ ಮರುಕಳಿಸಿತ್ತು. ಅಂದರೆ ನಿಲ್ಲಿಸಿದವರಲ್ಲೂ ಹೆಚ್ಚಿನವರು ಆ ಅವಧಿಯಲ್ಲಿ ಚೆನ್ನಾಗಿಯೇ ಇದ್ದರು, ಆದರೆ ಮೂರರಲ್ಲೊಬ್ಬರಿಗಿಂತ ಹೆಚ್ಚು ಜನರಿಗೆ ಮರಳಿತು. ಮಾತ್ರೆ ತೆಗೆದುಕೊಳ್ಳುವ ಅವಧಿಯಲ್ಲಿ ಭಯವನ್ನು ಎದುರಿಸುವ ವಿದ್ಯೆಯನ್ನೂ ಕಲಿತುಕೊಳ್ಳಿ ಎಂದು ನಾನು ಒತ್ತಾಯಿಸುವುದಕ್ಕೆ ಈ ಸಂಖ್ಯೆಯೇ ಕಾರಣ.

ಆ ವಿದ್ಯೆಯ ಹೆಸರು ಸಿಬಿಟಿ, ಆಲೋಚನೆ ಮತ್ತು ನಡವಳಿಕೆ ಎರಡನ್ನೂ ತಿದ್ದುವ ಚಿಕಿತ್ಸೆ. ಕೌನ್ಸೆಲಿಂಗ್ ಎಂಬ ಒಂದೇ ಪದದಡಿ ನಮ್ಮಲ್ಲಿ ಸಮಾಧಾನದ ಮಾತಿನಿಂದ ಹಿಡಿದು ಉಪದೇಶದವರೆಗೆ ಎಲ್ಲವೂ ನಡೆಯುತ್ತವೆ. ನಿಮಗೆ ಬೇಕಾದದ್ದು ಹನ್ನೆರಡರಿಂದ ಹದಿನಾರು ಭೇಟಿಗಳ, ಮನೆಗೆಲಸ ಕೊಡುವ, ಲೆಕ್ಕ ಇಡುವ ಚಿಕಿತ್ಸೆ. ನಿಮ್ಮ ಘಾಟಿಯ ಭಯಕ್ಕೆ ಅದು ಹೇಗಿರುತ್ತದೆ ಎಂದು ಸ್ವಲ್ಪ ಹತ್ತಿರದಿಂದ ತೋರಿಸುತ್ತೇನೆ. ಮೊದಲು, ಅಂದು ಬಸ್ಸಿನಲ್ಲಿ ಏನಾಯಿತು ಎಂಬುದರ ವಿವರಣೆ: ಗಾಬರಿಯಿಂದ ಉಸಿರಾಟ ವೇಗವಾದಾಗ ರಕ್ತದಲ್ಲಿನ ಇಂಗಾಲದ ಡೈಆಕ್ಸೈಡ್ ಇಳಿಯುತ್ತದೆ, ಅದರಿಂದ ಬೆರಳ ತುದಿ ಜುಮ್ಮೆನ್ನುತ್ತದೆ, ತಲೆ ಸುತ್ತುತ್ತದೆ, ಎಷ್ಟು ಎಳೆದರೂ ಉಸಿರು ಸಾಲದೆನಿಸುತ್ತದೆ, ಇದನ್ನೇ ಸಾವಿನ ಸೂಚನೆ ಎಂದು ಓದಿಕೊಂಡ ಮನಸ್ಸು ಮತ್ತಷ್ಟು ಗಾಬರಿಯಾಗುತ್ತದೆ. ಈ ಸುಳಿ ಸಾಮಾನ್ಯವಾಗಿ ಹತ್ತು ನಿಮಿಷದೊಳಗೆ ತುದಿ ಮುಟ್ಟಿ ತಾನಾಗಿ ಇಳಿಯುತ್ತದೆ. ನಿಮ್ಮ ಹೃದಯದ ಪರೀಕ್ಷೆಗಳು ಸರಿ ಇರುವುದರಿಂದ ಚಿಕಿತ್ಸಕರು ತಮ್ಮ ಕೊಠಡಿಯಲ್ಲೇ ನಿಮ್ಮಿಂದ ಒಂದು ನಿಮಿಷ ಜೋರಾಗಿ ಉಸಿರಾಡಿಸಿ, ಮೆಟ್ಟಿಲು ಹತ್ತಿಸಿ, ಅದೇ ಜುಮ್ಮು ಅದೇ ಡವಡವ ಬರಿಸಿ, ಅದು ನಿರುಪದ್ರವಿ ಎಂದು ನಿಮಗೇ ಮನದಟ್ಟು ಮಾಡಿಸಬಹುದು.

ಅನಂತರ ಮೆಟ್ಟಿಲುಗಳ ಪಟ್ಟಿ. ತೀರ್ಥಹಳ್ಳಿ ನಿಲ್ದಾಣದಲ್ಲಿ ನಿಂತ ಬಸ್ಸಿನೊಳಗೆ ಹತ್ತು ನಿಮಿಷ ಕೂತು ಇಳಿಯುವುದು ಮೊದಲ ಮೆಟ್ಟಿಲಾಗಬಹುದು. ಮೇಗರವಳ್ಳಿಯವರೆಗೆ ಹೋಗಿ ಮರಳುವುದು ಎರಡನೆಯದು. ಆಗುಂಬೆಯವರೆಗೆ ಹೋಗಿ, ಚಹಾ ಕುಡಿದು ಮರಳುವುದು ಮೂರನೆಯದು. ಘಾಟಿಯ ತಿರುವುಗಳನ್ನಿಳಿದು ಸೋಮೇಶ್ವರ ತಲುಪುವುದು, ಮೊದಲು ಯಜಮಾನರೊಡನೆ, ಆಮೇಲೆ ಒಬ್ಬರೇ. ಅದಾದ ಮೇಲೆ ಹೆಬ್ರಿ, ಉಡುಪಿ. ಪ್ರತಿ ಸಲವೂ ಹೊರಡುವ ಮೊದಲು ಚೀಟಿಯಲ್ಲಿ ಬರೆಯಬೇಕು: ಏನಾಗುತ್ತದೆ ಎಂದು ಹೆದರುತ್ತಿದ್ದೇನೆ, ಅದು ಆಗುವ ಸಂಭವ ನೂರಕ್ಕೆ ಎಷ್ಟು ಅನಿಸುತ್ತಿದೆ. ಮರಳಿ ಬಂದು ಅದರ ಕೆಳಗೆ ನಿಜವಾಗಿ ಏನಾಯಿತು ಎಂದು ಬರೆಯಬೇಕು. "ಪ್ರಜ್ಞೆ ತಪ್ಪಿ ಬೀಳುತ್ತೇನೆ, ನೂರಕ್ಕೆ 80" ಎಂದು ಬರೆದವರು ಐದಾರು ಚೀಟಿಗಳ ಹೊತ್ತಿಗೆ ಅದೇ ಸಾಲಿನ ಮುಂದೆ 20 ಎಂದು ಬರೆಯುವುದುಂಟು. ಒಂದು ಮೆಟ್ಟಿಲನ್ನು ಒಂದೇ ಸಲಕ್ಕೆ ಬಿಡದೆ ಬೇಸರ ಬರುವಷ್ಟು ಸಲ ಮಾಡುವುದು ಮುಖ್ಯ, ಮಧ್ಯದಲ್ಲಿ ಗಾಬರಿಯಾಯಿತೆಂದು ಇಳಿದುಬಿಡದಿರುವುದು ಇನ್ನೂ ಮುಖ್ಯ. ಈ ಪ್ರಯಾಣಗಳಿಗೆ ಅರ್ಧ ಮಾತ್ರೆ ನುಂಗಿ ಹೊರಟರೆ ಅಭ್ಯಾಸದ ಫಲ ಬಹಳಮಟ್ಟಿಗೆ ವ್ಯರ್ಥವಾಗುತ್ತದೆ. ಎಸಿಟಲೋಪ್ರಾಮ್ ಹೀಗೆ ಅಡ್ಡಬರುವುದಿಲ್ಲ. ಎದೆಯ ಕಾವನ್ನು ತಗ್ಗಿಸಿ ಬಸ್ಸು ಹತ್ತುವ ಧೈರ್ಯಕ್ಕೆ ಎಷ್ಟೋ ಜನರಿಗೆ ನೆರವಾಗುತ್ತದೆ.

ಅತ್ತೆಯವರ ಮಾತನ್ನು ತಳ್ಳಿಹಾಕಬೇಡಿ, ಆದರೆ ಸ್ವಲ್ಪ ತಿದ್ದಿಕೊಳ್ಳಿ. ನಿಧಾನವಾಗಿ ಉಸಿರು ಬಿಡುವ ನಾಡಿಶೋಧನ, ಭ್ರಾಮರಿ ನಿಮಗೆ ಒಳ್ಳೆಯವು. ಕಪಾಲಭಾತಿ, ಭಸ್ತ್ರಿಕಾದಂಥ ವೇಗದ ಕ್ರಿಯೆಗಳು ಮೇಲೆ ಹೇಳಿದ ಉಸಿರಿನ ಸುಳಿಯನ್ನೇ ಎಬ್ಬಿಸಿ ಪ್ಯಾನಿಕ್ ತರಬಲ್ಲವು, ಸದ್ಯಕ್ಕೆ ಅವು ಬೇಡ. ಯೋಗದ ಬಲ ಎಷ್ಟು ಎಂಬುದಕ್ಕೆ ಅಮೆರಿಕದಲ್ಲಿ 226 ಮಂದಿಯ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನವೊಂದಿದೆ: ದೀರ್ಘಕಾಲದ ಆತಂಕವಿದ್ದವರಲ್ಲಿ ಕುಂಡಲಿನಿ ಯೋಗ ಕಲಿತವರ ಪೈಕಿ ನೂರಕ್ಕೆ 54 ಮಂದಿ, ಸಿಬಿಟಿ ಪಡೆದವರಲ್ಲಿ 71 ಮಂದಿ, ಒತ್ತಡ ನಿರ್ವಹಣೆಯ ಪಾಠ ಮಾತ್ರ ಕೇಳಿದವರಲ್ಲಿ 33 ಮಂದಿ ಸುಧಾರಿಸಿದರು. ಯೋಗ ಕೆಲಸ ಮಾಡುತ್ತದೆ, ಸಿಬಿಟಿಯಷ್ಟು ಮಾಡುವುದಿಲ್ಲ. ಇನ್ನೊಂದು ಅಧ್ಯಯನ ನಿಮ್ಮ ಪ್ರಶ್ನೆಗೆ ನೇರವಾಗಿ ತಾಗುತ್ತದೆ. 276 ಮಂದಿಯನ್ನು ಎರಡು ಗುಂಪು ಮಾಡಿ ಒಂದಕ್ಕೆ ಎಸಿಟಲೋಪ್ರಾಮ್, ಇನ್ನೊಂದಕ್ಕೆ ಎಂಟು ವಾರಗಳ ಧ್ಯಾನದ ತರಬೇತಿ ಕೊಟ್ಟಾಗ ಆತಂಕ ಇಳಿದ ಪ್ರಮಾಣ ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿತ್ತು, ಅಡ್ಡಪರಿಣಾಮ ಧ್ಯಾನದ ಗುಂಪಿನಲ್ಲಿ ಬಹಳ ಕಡಿಮೆ ಇತ್ತು. 2022ರ ಕೊನೆಯಲ್ಲಿ ಇದು ಹೊರಬಂದಾಗ ಧ್ಯಾನ ಮಾತ್ರೆಗೆ ಸಮ ಎಂಬ ಸುದ್ದಿ ಎಲ್ಲೆಡೆ ಹರಡಿತು. ಅದರ ಜೊತೆ ಓದಬೇಕಾದ ಸಾಲು ಇದು: ಆ ತರಬೇತಿ ಎಂದರೆ ವಾರಕ್ಕೊಮ್ಮೆ ಎರಡೂವರೆ ಗಂಟೆಯ ತರಗತಿ, ಇಡೀ ದಿನದ ಒಂದು ಶಿಬಿರ, ದಿನವೂ ಮನೆಯಲ್ಲಿ 45 ನಿಮಿಷದ ಅಭ್ಯಾಸ. ಶಾಲೆ, ಅಡುಗೆ, ಮಕ್ಕಳ ನಡುವೆ ಇಷ್ಟು ಸಮಯವನ್ನು ನಿಮಗೆ ಬಿಟ್ಟುಕೊಡಲು ಮನೆಯವರು ಸಿದ್ಧರಿದ್ದಾರೆಯೇ ಎಂದು ಕೇಳಿನೋಡಿ. ಪ್ರಾಣಾಯಾಮ ಸಾಕು ಎನ್ನುವವರು ಆ 45 ನಿಮಿಷ ಒಲೆಯ ಮುಂದೆ ನಿಮ್ಮ ಬದಲು ನಿಲ್ಲಬೇಕಾಗುತ್ತದೆ.

ಉಳಿದವುಗಳ ಬಗ್ಗೆ ಚಿಕ್ಕದಾಗಿ. ವಾರಕ್ಕೆ 150 ನಿಮಿಷ ಬಿರುಸಿನ ನಡಿಗೆ ನಿಜವಾಗಿಯೂ ನೆರವಾಗುತ್ತದೆ. ಗಟ್ಟಿ ಕಾಫಿ ಎಷ್ಟು ಲೋಟ ಎಂದು ಎಣಿಸಿ, ಮಧ್ಯಾಹ್ನದ ಮೇಲಿನದನ್ನು ಬಿಡಿ. ಒಂದೇ ದಿನಕ್ಕೆ ಎಲ್ಲ ಬಿಟ್ಟರೆ ತಲೆನೋವು ಬರುತ್ತದೆ, ಹಂತಹಂತವಾಗಿ ಇಳಿಸಿ. ಅಶ್ವಗಂಧದ ಬಗ್ಗೆ ಸಣ್ಣ ಅಧ್ಯಯನಗಳಿವೆ, ಜೊತೆಗೆ ಯಕೃತ್ತಿಗೆ ಪೆಟ್ಟಾದ ವರದಿಗಳೂ ಇವೆ. ತೆಗೆದುಕೊಳ್ಳುತ್ತಿದ್ದರೆ ವೈದ್ಯರಿಂದ ಮುಚ್ಚಿಡಬೇಡಿ.

ಈಗ ತೂಗೋಣ. ಆತಂಕ ಹಗುರವಾಗಿದ್ದು, ಕೆಲವೇ ತಿಂಗಳದ್ದಾಗಿದ್ದು, ನಿದ್ದೆ ಊಟ ಕೆಲಸ ಸರಿಯಿದ್ದರೆ ನಾನು ಮಾತ್ರೆಯ ಮಾತೇ ಎತ್ತದೆ ಸಿಬಿಟಿ, ನಡಿಗೆ, ಅಭ್ಯಾಸಗಳಿಂದ ಆರಂಭಿಸಲು ಹೇಳುತ್ತೇನೆ. ನಿಮ್ಮದು ಒಂದೂವರೆ ವರ್ಷದ್ದು. ತವರಿನ ದಾರಿ ಮುಚ್ಚಿದೆ. ಪ್ಯಾನಿಕ್ ಬಂದಿದೆ, ಅರ್ಧ ಮಾತ್ರೆ ಅಭ್ಯಾಸವಾಗುತ್ತಿದೆ. ಇವೆಲ್ಲಕ್ಕಿಂತ ನನ್ನ ಗಮನ ಸೆಳೆದದ್ದು ಬೆಳಗಿನ ಜಾವ ಮೂರಕ್ಕೆ ಎಚ್ಚರವಾಗುವುದು. ಹಾಗೆ ಎಚ್ಚರವಾಗಿ ಮತ್ತೆ ನಿದ್ದೆ ಬಾರದಿರುವುದರ ಜೊತೆ ಪಾಠದಲ್ಲಿ, ಮಕ್ಕಳಲ್ಲಿ, ಮೊದಲು ಇಷ್ಟವಾಗುತ್ತಿದ್ದ ಕೆಲಸಗಳಲ್ಲಿ ಆಸಕ್ತಿಯೂ ಕುಂದಿದ್ದರೆ ಆತಂಕದ ಕೆಳಗೆ ಖಿನ್ನತೆಯೂ ಇರಬಹುದು. ಆಗ ತಕ್ಕಡಿ ಔಷಧಿಯ ಕಡೆಗೆ ಸ್ಪಷ್ಟವಾಗಿ ವಾಲುತ್ತದೆ. ಪತ್ರ ಓದಿ ರೋಗನಿರ್ಣಯ ಮಾಡಲಾಗದು, ಆದರೂ ನನ್ನ ಅಭಿಪ್ರಾಯ ಕೇಳಿದ್ದೀರಾದ್ದರಿಂದ ಹೇಳುತ್ತೇನೆ: ನಿಮ್ಮ ಸ್ಥಿತಿಯಲ್ಲಿ ಎಸಿಟಲೋಪ್ರಾಮ್ ಮತ್ತು ಸಿಬಿಟಿ ಎರಡನ್ನೂ ಜೊತೆಯಾಗಿ ಆರಂಭಿಸುವುದು ಸೂಕ್ತವೆಂದು ನನಗನಿಸುತ್ತದೆ. ಮಾತ್ರೆ ಬೇಡವೇ ಬೇಡ ಎಂಬುದು ನಿಮ್ಮ ದೃಢ ನಿರ್ಧಾರವಾದರೆ ಅದಕ್ಕೂ ಗೌರವವಿದೆ. ಆಗ ಸಿಬಿಟಿಗೆ ಎಂಟು ವಾರದ ಗಡುವು ಹಾಕಿಕೊಳ್ಳಿ. ಜಿಎಡಿ-7 ಎಂಬ ಏಳು ಪ್ರಶ್ನೆಗಳ ಅಳತೆಪಟ್ಟಿಯಿದೆ, ಒಟ್ಟು 21 ಅಂಕ, 10 ಮತ್ತು ಅದಕ್ಕಿಂತ ಹೆಚ್ಚಾದರೆ ಗಮನಿಸಬೇಕಾದ ಆತಂಕ. ಎರಡು ವಾರಕ್ಕೊಮ್ಮೆ ಅಂಕ ಬರೆದಿಡಿ. ಎಂಟು ವಾರದಲ್ಲಿ ಅಂಕ ಇಳಿಯದಿದ್ದರೆ ಪ್ರಶ್ನೆಯನ್ನು ಮತ್ತೆ ತೆರೆಯಬೇಕು.

ಸಿಬಿಟಿ ಬಲ್ಲ ಚಿಕಿತ್ಸಾ ಮನಶ್ಶಾಸ್ತ್ರಜ್ಞರು ತಾಲ್ಲೂಕು ಮಟ್ಟದಲ್ಲಿ ಸಿಗುವುದು ಅಪರೂಪ. ಶಿವಮೊಗ್ಗ, ಮಣಿಪಾಲದಂಥ ಕಡೆ ಸಿಗುತ್ತಾರೆ, ಅನೇಕರು ವಿಡಿಯೋ ಮೂಲಕವೂ ಮಾಡುತ್ತಾರೆ. ಬಸ್ಸಿನ ಮೆಟ್ಟಿಲುಗಳನ್ನು ನೀವು ಹೇಗೂ ಊರಿನಲ್ಲೇ ಹತ್ತಬೇಕಾದ್ದರಿಂದ ವಿಡಿಯೋ ಭೇಟಿ ಕಡಿಮೆಯದೇನಲ್ಲ. ಕೇಂದ್ರ ಸರ್ಕಾರ 2022ರ ಅಕ್ಟೋಬರ್ 10ರಂದು ಆರಂಭಿಸಿದ ಟೆಲಿ-ಮಾನಸ್ ಸಹಾಯವಾಣಿ 14416ಕ್ಕೆ ಹಗಲಿರುಳೂ ಉಚಿತವಾಗಿ ಕರೆ ಮಾಡಿ ಕನ್ನಡದಲ್ಲೇ ಮಾತನಾಡಬಹುದು. ಯಾವಾಗಲಾದರೂ ಬದುಕು ಸಾಕೆಂಬ ಯೋಚನೆ ಬಂದರೆ, ಮಾತ್ರೆ ಆರಂಭಿಸಿದ ಮೊದಲ ವಾರಗಳಲ್ಲಿ ವಿಪರೀತ ಚಡಪಡಿಕೆಯಾದರೆ, ಮುಂದಿನ ಭೇಟಿಯವರೆಗೆ ಕಾಯದೆ ಅಲ್ಲಿಗೋ ಹತ್ತಿರದ ಆಸ್ಪತ್ರೆಗೋ ತಕ್ಷಣ ತಿಳಿಸಬೇಕು. ಇಪ್ಪತ್ತೈದರ ಒಳಗಿನವರು ಇಂಥ ಮಾತ್ರೆ ತೆಗೆದುಕೊಳ್ಳುತ್ತಿದ್ದರೆ ಮನೆಯವರು ಈ ವಿಷಯದಲ್ಲಿ ಇನ್ನೂ ಹೆಚ್ಚು ನಿಗಾ ಇಡಬೇಕು.

ನಾಲ್ಕು ತಿಂಗಳ ಹಿಂದಿನ ಚೀಟಿ ಹಿಡಿದು ನಾಳೆಯೇ ಸ್ಟ್ರಿಪ್ ಒಡೆಯಬೇಡಿ, ಕ್ಲೋನಜೆಪಾಮ್ ಅನ್ನು ನೀವಾಗಿ ಥಟ್ಟನೆ ನಿಲ್ಲಿಸಲೂ ಬೇಡಿ. ಮೊದಲು ಅದೇ ವೈದ್ಯರ ಬಳಿ ಹೋಗಿ. ಮನೆತನದಲ್ಲಿ ಯಾರಿಗಾದರೂ ಬೈಪೋಲಾರ್ ಕಾಯಿಲೆ (ಅತಿ ಉತ್ಸಾಹ, ಖಿನ್ನತೆ ಸರದಿಯಲ್ಲಿ ಬರುವಂಥದ್ದು) ಇತ್ತೇ, ಮಗುವಿನ ಯೋಚನೆ ಇದೆಯೇ, ನೋವಿಗೆ ಐಬುಪ್ರೊಫೇನ್‌ನಂಥ ಮಾತ್ರೆ ಅಥವಾ ಆಸ್ಪಿರಿನ್ ಆಗಾಗ್ಗೆ ನುಂಗುತ್ತೀರಾ ಎಂಬುದನ್ನು ಅವರು ಕೇಳದಿದ್ದರೂ ಹೇಳಿ. ಈ ಮೂರೂ ಔಷಧಿಯ ಆಯ್ಕೆಯನ್ನು ಬದಲಿಸಬಲ್ಲವು. ಒಡೆಯದ ಸ್ಟ್ರಿಪ್, ಅರ್ಧ ಖಾಲಿಯಾದ ಸ್ಟ್ರಿಪ್ ಎರಡನ್ನೂ ಕೈಚೀಲದಲ್ಲಿ ತೆಗೆದುಕೊಂಡು ಹೋಗಿ ಅವರ ಮೇಜಿನ ಮೇಲಿಡಿ. ಬೈಯುತ್ತಾರೇನೋ ಎಂಬ ಅಳುಕಿನಿಂದ ಬಹಳ ಜನ ಅರ್ಧ ಮಾತ್ರೆಯ ಸಂಗತಿಯನ್ನು ನುಂಗಿಕೊಳ್ಳುತ್ತಾರೆ. ಅದನ್ನು ಎಷ್ಟು ವಾರಗಳಲ್ಲಿ, ಹೇಗೆ ಇಳಿಸಬೇಕೆಂದು ಬರೆದುಕೊಡಲು ವೈದ್ಯರಿಗೆ ಬೇಕಾಗಿರುವುದು ಆ ಒಂದು ಸಂಗತಿ.